ದಿರ್ಹಮ್‌ನಿಂದ ಡಿಜಿಟಲ್ ಪಾವತಿಯವರೆಗೆ: ಬದಲಾಗದ ಅಮಾನತ್

ಮಕ್ಕಾದ ಜನರು ಪ್ರವಾದಿ ಮುಹಮ್ಮದ್(ಸ)ರನ್ನು ‘ಅಲ್ ಅಮೀನ್’ ಎಂದು ಕರೆಯುತ್ತಿದ್ದರು. ಅವರ ಸಂದೇಶವನ್ನು ವಿರೋಧಿಸಿದವರೂ ತಮ್ಮ ಬೆಲೆಬಾಳುವ ವಸ್ತುಗಳನ್ನು ಅವರ ಬಳಿಯೇ ಇಡುತ್ತಿದ್ದರು. ಹಿಜ್ರಾದ ರಾತ್ರಿ ಪ್ರಾಣಕ್ಕೇ ಅಪಾಯವಿದ್ದಾಗಲೂ, ಆ ಅಮಾನತ್ತುಗಳನ್ನು ಒಡೆಯರಿಗೆ ಮರಳಿಸಲು ಹಝ್ರತ್ ಅಲೀ(ರ)ರನ್ನು ನೇಮಿಸಿಯೇ ಪ್ರವಾದಿವರ್ಯರು(ಸ) ಹೊರಟರು. ಹಣದ ಚರಿತ್ರೆಯೆಂದರೆ ಮೂಲತಃ ಈ ವಿಶ್ವಾಸದ ಚರಿತ್ರೆಯೇ ಆಗಿದೆ.

ಅಂದಿನ ಹಿಜಾಝ್‌ನಲ್ಲಿ ರೋಮನರ ಚಿನ್ನದ ದೀನಾರ್ ಮತ್ತು ಪರ್ಶಿಯನ್ನರ ಬೆಳ್ಳಿಯ ದಿರ್ಹಮ್‌ಗಳು ಚಲಾವಣೆಯಲ್ಲಿದ್ದವು. ಹಿಜರಿ 77ರಲ್ಲಿ (ಕ್ರಿ.ಶ. 696-97) ಉಮವೀ ಖಲೀಫ ಅಬ್ದುಲ್ ಮಲಿಕ್ ಬಿನ್ ಮರ್ವಾನ್, ಯಾವುದೇ ಚಿತ್ರವಿಲ್ಲದ, ಬರಹ ಮಾತ್ರವಿರುವ, ಸುಮಾರು 4.25 ಗ್ರಾಂ ತೂಕದ ದೀನಾರನ್ನು ಟಂಕಿಸಿದರು. ಅಬ್ಬಾಸಿಯರ ಕಾಲದಲ್ಲಿ ವ್ಯಾಪಾರಿಗಳು ‘ಸುಫ್ತಜ’ ಎಂಬ ಪತ್ರವನ್ನು ಬಳಸಿದರು. ಒಂದು ನಗರದಲ್ಲಿ ಹಣ ಕಟ್ಟಿ, ಇನ್ನೊಂದು ನಗರದಲ್ಲಿ ಪತ್ರ ತೋರಿಸಿ ಪಡೆಯಬಹುದಿತ್ತು. ದಾರಿಯಲ್ಲಿ ದರೋಡೆಕೋರರ ಭಯವಿರಲಿಲ್ಲ. ನಾಣ್ಯ ಕೈಯಲ್ಲಿಲ್ಲದೆಯೂ ಹಣ ಚಲಿಸಬಲ್ಲುದೆಂದು ಜಗತ್ತು ಅಂದೇ ಅರಿತಿತ್ತು.

ವಿಶ್ವಾಸಕ್ಕೆ ಕಾವಲಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆಯಿದೆ. 14ನೇ ಶತಮಾನದಲ್ಲಿ ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘ್ಲಕ್, ಬೆಳ್ಳಿಯ ನಾಣ್ಯದ ಬೆಲೆಗೆ ತಾಮ್ರ ಮತ್ತು ಹಿತ್ತಾಳೆಯ ನಾಣ್ಯಗಳನ್ನು ಚಲಾವಣೆಗೆ ತಂದನು. ನಕಲಿ ನಾಣ್ಯಗಳು ತುಂಬಿಹೋದವು. ಕೊನೆಗೆ ಅವುಗಳನ್ನು ಹಿಂಪಡೆದು, ಬೊಕ್ಕಸದಿಂದ ಚಿನ್ನ ಬೆಳ್ಳಿಯನ್ನು ತೆತ್ತನು.

ನಮ್ಮ ಕಾಲದಲ್ಲಿ 2016ನೇ ವರ್ಷ ಇಂಥದೇ ಒಂದು ತಿರುವು. ಆ ಏಪ್ರಿಲ್‌ನಲ್ಲಿ ಯುಪಿಐ ಆರಂಭವಾಯಿತು. ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಗಳ ನೋಟುಗಳು ರದ್ದಾದವು. ಚಲಾವಣೆಯಲ್ಲಿದ್ದ ನಗದಿನ ಮೌಲ್ಯದಲ್ಲಿ ಅವುಗಳ ಪಾಲು ಶೇ. 86ರಷ್ಟಿತ್ತು. ದಿನಗೂಲಿಯವರು, ಬೀದಿ ವ್ಯಾಪಾರಿಗಳು ಅಪಾರ ಕಷ್ಟಪಟ್ಟರು. ಇಂದು ತರಕಾರಿ ಗಾಡಿಯ ಮೇಲೂ ಕ್ಯೂಆರ್ ಕೋಡ್ ಕಾಣುತ್ತದೆ.

ಈ ಸೌಲಭ್ಯವನ್ನು ನಾವು ಕೃತಜ್ಞತೆಯಿಂದಲೇ ಸ್ವೀಕರಿಸುತ್ತೇವೆ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಪವಿತ್ರ ಕುರ್‌ಆನ್ (2:282) ಆದೇಶಿಸಿದೆ. ಇಂದು ಕೊಟ್ಟ ಮೊತ್ತ, ದಿನ, ಸಮಯ ಎಲ್ಲವೂ ತಾನಾಗಿಯೇ ದಾಖಲಾಗುತ್ತವೆ. ಆದರೆ ಅದು ಸಾಲವೋ ದಾನವೋ, ಯಾವಾಗ ಮರಳಿಸಬೇಕು ಎಂಬುದನ್ನು ಫೋನು ಬರೆಯದು. ಅದನ್ನು ನಾವೇ ಬರೆದಿಡಬೇಕು.

ಕೈಯಿಂದ ನೋಟು ಜಾರುವಾಗ ಆಗುತ್ತಿದ್ದ ಎಚ್ಚರವೂ ಈಗ ಕಡಿಮೆಯಾಗಿದೆ. ಬಡ್ಡಿಯ ಸಾಲ ಬೆರಳ ತುದಿಗೇ ಬಂದಿದೆ. ಖಾತೆಯಲ್ಲಿರುವ ಹಣ ಕಣ್ಣಿಗೆ ಕಾಣದಿದ್ದರೂ ಝಕಾತ್‌ನ ಲೆಕ್ಕದಿಂದ ಹೊರಗುಳಿಯುವುದಿಲ್ಲ. ಜೇಬಿನಲ್ಲಿ ಚಿಲ್ಲರೆಯಿಲ್ಲವೆಂದು ನಾವು ಮಸೀದಿಯ ಬಾಗಿಲಲ್ಲಿ ಕುಳಿತ ವೃದ್ಧೆಯನ್ನು ದಾಟಿಹೋಗುತ್ತೇವೆ. ಅವರ ಬಳಿ ಫೋನಿಲ್ಲ. ಸದಕಾಕ್ಕಾಗಿ ಒಂದಿಷ್ಟು ನಗದನ್ನು ಇಟ್ಟುಕೊಳ್ಳುವುದು ನಮಗೆ ಕಷ್ಟವೇ? ಬಡವರಿಗೆ ಗುಟ್ಟಾಗಿ ಕೊಡುವುದು ಹೆಚ್ಚು ಉತ್ತಮವೆಂದು ಕುರ್‌ಆನ್ (2:271) ಕಲಿಸಿದೆ.

ಒಮ್ಮೊಮ್ಮೆ ಯಾರದೋ ಹಣ ತಪ್ಪಿ ನಮ್ಮ ಖಾತೆಗೆ ಬಂದುಬಿಡುತ್ತದೆ. ಕಳುಹಿಸಿದವರು ಯಾರೋ, ನಾವು ಯಾರೋ. ಹಝ್ರತ್ ಅಲೀ(ರ)ರು ಮಕ್ಕಾದಲ್ಲಿ ಉಳಿದು ಮಾಡಿದ ಕೆಲಸವೇ ಆಗ ನಮ್ಮ ಮುಂದೆ ಬಂದು ನಿಲ್ಲುತ್ತದೆ. ಅದನ್ನು ಒಡೆಯರಿಗೆ ಮರಳಿಸುವ ತೌಫೀಕನ್ನು ಅಲ್ಲಾಹನು ನಮಗೆ ನೀಡಲಿ. ಆಮೀನ್.