ಹೊಳೆ ಬಂದರೆ ತೇಲುವ ನೆಲ: ಓಕ್ಸ್ ಪಾರ್ಕ್ ಸ್ಕೇಟಿಂಗ್ ರಿಂಕಿನ 120 ವರ್ಷ

ಅಮೆರಿಕದ ಓರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ, ವಿಲಾಮೆಟ್ ನದಿಯ ಪೂರ್ವ ದಂಡೆಯ ಮೇಲಿರುವ ಓಕ್ಸ್ ಪಾರ್ಕ್ ರೋಲರ್ ಸ್ಕೇಟಿಂಗ್ ರಿಂಕ್ 2025ರಲ್ಲಿ 120 ವರ್ಷ ಪೂರೈಸಿತು. ಇಲ್ಲಿಯೇ ಮೊದಲ ಬಾರಿ ಕಾಲಿಗೆ ಗಾಲಿ ಕಟ್ಟಿಕೊಂಡು, ಕಟಕಟೆ ಹಿಡಿದು, ಬಿದ್ದು, ಎದ್ದು, ಮುಂದೆ ತಮ್ಮ ಮಕ್ಕಳನ್ನೂ ಕೈಹಿಡಿದು ಕರೆತಂದ ತಲೆಮಾರುಗಳ ಪರವಾಗಿ ಈ ಲೇಖನವನ್ನು ಗೌರವಪೂರ್ವಕವಾಗಿ ಅರ್ಪಿಸುತ್ತಿದ್ದೇವೆ. ಹಿಲ್ಸ್‌ಬರೊ, ಬೀವರ್ಟನ್ ಕಡೆಯ ಚಿಪ್ ಕಾರ್ಖಾನೆಗಳ ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡ ಮನೆಗಳ ಮಕ್ಕಳೂ ಈ ನೆಲದ ಋಣದಲ್ಲಿದ್ದಾರೆ ಎಂಬುದನ್ನು ಸಂತೋಷದಿಂದ ಸೇರಿಸುತ್ತೇವೆ.

ಪಾರ್ಕಿನ ಬಾಗಿಲು ತೆರೆದದ್ದು 1905ರ ಮೇ 30ರಂದು. ಎರಡೇ ದಿನ ಕಳೆದು, ಜೂನ್ 1ರಿಂದ, ಪೋರ್ಟ್‌ಲ್ಯಾಂಡಿನಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ಶತಮಾನೋತ್ಸವದ ಮಹಾಪ್ರದರ್ಶನ ಆರಂಭವಾಯಿತು. ಸ್ಥಾಪಕರು ಓರೆಗನ್ ವಾಟರ್ ಪವರ್ ಅಂಡ್ ರೈಲ್ವೆ ಕಂಪನಿಯವರು. ವಾರದ ದಿನಗಳಲ್ಲಿ ತುಂಬಿ ತುಳುಕುತ್ತಿದ್ದ ಟ್ರಾಮ್ ಗಾಡಿಗಳು ರಜೆಯ ದಿನ ಖಾಲಿ ಓಡುತ್ತಿದ್ದ ಕಾಲವದು. ಮಾರ್ಗದ ಕೊನೆಯಲ್ಲೊಂದು ವಿಹಾರ ತಾಣ ಕಟ್ಟಿದರೆ ಜನ ಟಿಕೆಟ್ ಕೊಂಡು ಬಂದೇ ಬರುತ್ತಾರೆ ಎಂಬುದು ಆಗ ಅಮೆರಿಕದ ಅನೇಕ ಟ್ರಾಮ್ ಕಂಪನಿಗಳ ಲೆಕ್ಕಾಚಾರವಾಗಿತ್ತು. ಲಾಭದ ಲೆಕ್ಕ ನಿಜ. ಆದರೂ ನದಿಯಂಚಿನ ಓಕ್ ಮರಗಳ ನೆರಳಿನಲ್ಲಿ ಮರದ ನೆಲದ ವಿಶಾಲ ರಿಂಕ್ ಹಾಸಲು ಹೊರಟವರ ದೂರದೃಷ್ಟಿಯನ್ನು ಮೆಚ್ಚದಿರಲಾಗದು. ಅದೇ ಲೆಕ್ಕಾಚಾರದಿಂದ ಹುಟ್ಟಿದ ಟ್ರಾಮ್ ಪಾರ್ಕುಗಳಲ್ಲಿ ಬಹುಪಾಲು ಇಂದು ಹೇಳಹೆಸರಿಲ್ಲದಂತಾಗಿವೆ. ನಮ್ಮದು ಉಳಿದಿದೆ.

ಆರಂಭದ ಎರಡು ದಶಕಗಳ ಕಾಲ ಉದ್ಯಾನದ ಹೊಣೆ ಹೊತ್ತವರು ಶ್ರೀ ಜಾನ್ ಕಾರ್ಡ್ರೆ. ಅವರ ನಂತರ, 1925ರಲ್ಲಿ, ಪಾರ್ಕನ್ನು ಕೊಂಡವರು ಶ್ರೀ ಎಡ್ವರ್ಡ್ ಬೊಲಿಂಜರ್. ಅದೇ ಪಾರ್ಕಿನಲ್ಲಿ ದುಡಿದು, ಅದರ ಒಳಹೊರಗನ್ನೆಲ್ಲ ಬಲ್ಲವರಾಗಿದ್ದರು ಅವರು. ಕಟ್ಟಡ, ಆಟದ ಸಲಕರಣೆಗಳು ಕೈಗೆ ಬಂದರೂ ಕಾಲ ಕೆಳಗಿನ ಜಮೀನು ಮಾತ್ರ ಗುತ್ತಿಗೆಯದ್ದು. ಆರ್ಥಿಕ ಮುಗ್ಗಟ್ಟಿನ ಕಷ್ಟದ ವರ್ಷಗಳನ್ನು ದಾಟಿ, ಯುದ್ಧದ ನಡುವೆಯೇ 1943ರಲ್ಲಿ ಅವರು ಆ ಜಮೀನನ್ನೂ ಕೊಂಡರು. ಹದಿನೆಂಟು ವರ್ಷ ತಾಳ್ಮೆಯಿಂದ ಕಾದು ಕೊಂಡ ನೆಲವನ್ನು ಐದೇ ವರ್ಷದಲ್ಲಿ ಹೊಳೆ ನುಂಗಿತು.

1948ರ ಮೇ 30, ಭಾನುವಾರ. ಪಾರ್ಕಿನ ಹುಟ್ಟುಹಬ್ಬದ ದಿನವೂ ಅದೇ ಎಂಬುದು ವಿಧಿಯ ವ್ಯಂಗ್ಯವೆನ್ನಬೇಕು. ಉಕ್ಕಿ ಹರಿಯುತ್ತಿದ್ದ ಕೊಲಂಬಿಯಾ ನದಿ ರೈಲು ದಿಬ್ಬವನ್ನು ಒಡೆದು, ಯುದ್ಧಕಾಲದ ಹಡಗುಕಟ್ಟೆ ಕಾರ್ಮಿಕರಿಗಾಗಿ ಕಟ್ಟಿದ್ದ ವ್ಯಾನ್‌ಪೋರ್ಟ್ ಎಂಬ ಇಡೀ ಊರನ್ನು ಕೊಚ್ಚಿಕೊಂಡು ಹೋಯಿತು. ಅಲ್ಲಿ ಮನೆ ಮಠ ಕಳೆದುಕೊಂಡ ಸಾವಿರಾರು ಜನರ ಎದುರು ಒಂದು ರಿಂಕಿನ ನಷ್ಟ ದೊಡ್ಡದಲ್ಲ ಎಂಬ ಅರಿವು ನಮಗಿದೆ. ಆದರೆ ಕೊಲಂಬಿಯಾ ಉಬ್ಬಿದರೆ ಅದನ್ನು ಸೇರುವ ವಿಲಾಮೆಟ್ ಕೂಡ ಹಿನ್ನೀರಾಗಿ ನಿಲ್ಲುತ್ತದೆ. ಓಕ್ಸ್ ಪಾರ್ಕ್ ಸುಮಾರು ಒಂದು ತಿಂಗಳು ನೀರಿನಡಿ ಉಳಿಯಿತು. ಪಾರ್ಕಿಗೆ ಹೆಸರು ಕೊಟ್ಟ ಓಕ್ ಮರಗಳೇ ಎಷ್ಟೋ ಸತ್ತವು. ಸುಮಾರು 200 ಅಡಿ ಉದ್ದ, 100 ಅಡಿ ಅಗಲದ ಸ್ಕೇಟಿಂಗ್ ನೆಲ ನೀರು ಕುಡಿದು ಉಬ್ಬಿ, ಹಲಗೆಗಳು ಸೊಟ್ಟಗಾಗಿ, ಗಾಲಿ ಉರುಳಿಸಲು ಬಾರದಂತಾಯಿತು.

ಇಂಥ ಹೊತ್ತಿನಲ್ಲಿ ಬೇರೆಯವರಾಗಿದ್ದರೆ ವಿಮೆ, ಪರಿಹಾರ ಎಂದು ಲೆಕ್ಕ ಮುಗಿಸಿ ಜಾಗ ಮಾರುತ್ತಿದ್ದರು. ಬೊಲಿಂಜರ್ ಮನೆಯವರು ಮಾಡಿದ್ದೇ ಬೇರೆ. ತಡೆಗೋಡೆ ಎತ್ತರಿಸಿ ಹೊಳೆಯ ಜೊತೆ ಜಗಳಕ್ಕೆ ನಿಲ್ಲಲಿಲ್ಲ. ರಿಂಕಿನ ನೆಲವನ್ನು ಹೊಸದಾಗಿ ಹಾಸುವಾಗ ಅದರ ಅಡಿಯಲ್ಲಿ ಗಾಳಿಯಾಡದಂತೆ ಬಿಗಿದ ಕಬ್ಬಿಣದ ಪೀಪಾಯಿಗಳನ್ನು ಸಾಲಾಗಿ ಕೂರಿಸಿದರು. ಮುಂದೆಂದಾದರೂ ನೆರೆ ಬಂದರೆ ನೆಲವನ್ನು ಅಡಿಪಾಯದಿಂದ ಕತ್ತರಿಸಿ ಬಿಡಿಸುವುದು. ನೀರು ಏರಿದಂತೆಲ್ಲ ನೆಲ ತೆಪ್ಪದ ಹಾಗೆ ಮೇಲೇಳುವುದು. ನೀರು ಇಳಿದಾಗ ಅದೂ ಕೆಳಗಿಳಿಯುವುದು. ಇದನ್ನು ಕೇಳಿದವರಲ್ಲಿ ನಕ್ಕವರೂ ಇದ್ದಿರಬಹುದು. 1964ರ ಕ್ರಿಸ್‌ಮಸ್ ನೆರೆಯಲ್ಲಿ ಈ ಉಪಾಯ ಫಲಿಸಿತು. 1996ರ ಫೆಬ್ರವರಿಯಲ್ಲಿ ವಿಲಾಮೆಟ್ ಮತ್ತೆ ಉಕ್ಕಿದಾಗಲೂ ಫಲಿಸಿತು. ಎರಡು ಸಲವೂ ರಿಂಕ್ ಉಳಿಯಿತು. ಇಂದು ಅದೇ ನೆಲದ ಮೇಲೆ ಸುತ್ತು ಹಾಕುವ ಮಗುವಿಗೆ ತನ್ನ ಕಾಲಡಿ ಪೀಪಾಯಿಗಳಿವೆ ಎಂಬ ಸುಳಿವೂ ಇರುವುದಿಲ್ಲ.

ಕೆಳಗೆ ಪೀಪಾಯಿ, ತಲೆಯ ಮೇಲೆ ಆರ್ಗನ್. 1955ರಲ್ಲಿ ರಿಂಕಿಗೆ ಬಂದ ಈ ವುರ್ಲಿಟ್ಜರ್ ಪೈಪ್ ಆರ್ಗನ್ ಮೊದಲು ಪೋರ್ಟ್‌ಲ್ಯಾಂಡಿನ ಬ್ರಾಡ್‌ವೇ ಚಿತ್ರಮಂದಿರದಲ್ಲಿತ್ತು. ಮೂಕಿ ಚಿತ್ರಗಳ ಕಾಲದಲ್ಲಿ ತೆರೆಯ ಮೇಲಿನ ಅಳು, ನಗು, ಕುದುರೆ ಓಟಗಳಿಗೆಲ್ಲ ದನಿ ಕೊಡುತ್ತಿದ್ದದ್ದು ಇಂಥ ವಾದ್ಯಗಳೇ. ಮಾತಿನ ಚಿತ್ರ ಬಂದ ಮೇಲೆ ಅವು ಮೂಲೆ ಸೇರಿದವು. ಇಲ್ಲಿ ಈ ಆರ್ಗನ್ನಿನ ಕೊಳವೆಗಳನ್ನು ಕೋಣೆಯೊಳಗೆ ಬಚ್ಚಿಡದೆ ರಿಂಕಿನ ನಡುಮಧ್ಯದಲ್ಲಿ, ಸ್ಕೇಟರ್‌ಗಳ ತಲೆಯ ಮೇಲೆ, ತೂಗುವೇದಿಕೆಯೊಂದರಲ್ಲಿ ತೆರೆದೇ ಇಟ್ಟಿದ್ದಾರೆ. ಆರ್ಗನ್ನಿನ ವಾಲ್ಟ್ಸ್‌ಗೆ ಹೆಜ್ಜೆ ಹಾಕಿದವರು ಧ್ವನಿವರ್ಧಕದ ಸಂಗೀತವನ್ನು ಅಷ್ಟಾಗಿ ಮೆಚ್ಚುವುದಿಲ್ಲ. ಹಿರಿಯ ಸ್ಕೇಟರ್‌ಗಳ ಈ ಪಕ್ಷಪಾತಕ್ಕೆ ನಮ್ಮ ಬೆಂಬಲವೂ ಇದೆ. ವಾದ್ಯವನ್ನು ನುಡಿಸಿದ, ಶ್ರುತಿಗೂಡಿಸಿದ, ಧೂಳು ಒರೆಸಿದ ಎಲ್ಲರಿಗೂ ನಾವು ಆಭಾರಿ.

ಎಡ್ವರ್ಡ್ ಅವರ ನಂತರ ಮಗ ಶ್ರೀ ರಾಬರ್ಟ್ ಬೊಲಿಂಜರ್ ಪಾರ್ಕನ್ನು ದಶಕಗಳ ಕಾಲ ನಡೆಸಿದರು. ಡಿಸ್ಕೊ ಬಂತು, ಪಾಲಿಯುರೆಥೇನ್ ಗಾಲಿಗಳು ಬಂದವು, ನಗರ ಬೆಳೆದು ನದಿದಂಡೆಯ ಭೂಮಿಗೆ ಚಿನ್ನದ ಬೆಲೆ ಬಂತು. 1985ರಲ್ಲಿ ಅವರು ಇಡೀ ಪಾರ್ಕನ್ನು ಲಾಭರಹಿತ ಸಂಸ್ಥೆಯಾದ ಓಕ್ಸ್ ಪಾರ್ಕ್ ಅಸೋಸಿಯೇಷನ್ನಿಗೆ ಒಪ್ಪಿಸಿದರು. ಪಾರ್ಕಿನ ಇತಿಹಾಸದಲ್ಲಿ ಪೀಪಾಯಿಗಳಷ್ಟೇ ದೊಡ್ಡ ಕೊಡುಗೆ ಇದು ಎಂದು ನಾವು ಭಾವಿಸುತ್ತೇವೆ. ಮಾರಿದ್ದರೆ ಇವತ್ತು ಇಲ್ಲಿ ನದಿನೋಟದ ಮನೆಗಳಿರುತ್ತಿದ್ದವು.

2004ರಲ್ಲಿ ಹುಟ್ಟಿದ ರೋಸ್ ಸಿಟಿ ರೋಲರ್ಸ್ ಎಂಬ ಮಹಿಳಾ ರೋಲರ್ ಡರ್ಬಿ (ಗಾಲಿ ಸ್ಕೇಟ್ ತೊಟ್ಟು ತಂಡಗಳು ಆಡುವ ಸ್ಪರ್ಧೆ) ಸಂಘ ಇದೇ ಪಾರ್ಕಿನ ಇನ್ನೊಂದು ಕಟ್ಟಡವಾದ ಹ್ಯಾಂಗರ್‌ನಲ್ಲಿ ನೆಲೆ ಕಂಡುಕೊಂಡಿತು. ಅದರ ವೀಲ್ಸ್ ಆಫ್ ಜಸ್ಟಿಸ್ ತಂಡ 2015, 2016 ಮತ್ತು 2018ರಲ್ಲಿ ಮಹಿಳಾ ಡರ್ಬಿಯ ವಿಶ್ವ ಪ್ರಶಸ್ತಿ ಗೆದ್ದು ಓಕ್ಸ್ ಪಾರ್ಕಿನ ಹೆಸರನ್ನು ಹೊಸ ತಲೆಮಾರಿಗೆ ತಲುಪಿಸಿತು. ರಿಂಕಿನಲ್ಲಿ ಕಲಿಕೆಯ ತರಗತಿಗಳು, ಹುಟ್ಟುಹಬ್ಬದ ಕೂಟಗಳು, ಶಾಲಾ ಮಕ್ಕಳ ಗುಂಪುಗಳು ಎಂದಿನಂತೆ ನಡೆದಿವೆ.