ಕ್ಯಾಮರಾದ ಮೂರು ಕಾಲು

ಹ್ವಾದ ಮಳಿಗಾಲದಾಗ ನನ್ನ ಮಗ ಸೂಡಿಗೆ ಫೋಟೋ ತಗಿಯಾಕ ಹೋಗಿದ್ದ. ನಾಗಕುಂಡ, ಜೋಡು ಕಳಸದ ಗುಡಿ ಎಲ್ಲಾ ತಗದು, ಸಂಜೀಮುಂದ ಮಳ್ಯಾಗ ತೊಯ್ಸಿಕೊಂಡು ರಾಜೂರಿಗೆ ಬಂದ. ಕ್ಯಾಮರಾನ ಕೂಸಿನಂಗ ಒರಸಿ ಇಟ್ಟ. ಅದನ್ನ ಹೊತ್ತು ನಿಂತಿದ್ದ ಮೂರು ಕಾಲಿನ ಸ್ಟ್ಯಾಂಡ್, ಟ್ರೈಪಾಡ್ ಅಂತಾರಲ್ಲ, ಅದನ್ನ ಎರಿ ಮಣ್ಣು ಮೆತ್ತಿದಂಗ ಮಡಚಿ ಬಾಗಲದ ಹಿಂದ ನಿಲ್ಲಿಸಿಬಿಟ್ಟ. ನಾಕು ದಿನ ಬಿಟ್ಟು ತಗದ್ರ ಕಾಲು ಹೊರಗ ಬರವಲ್ದು. ಎರಿ ಮಣ್ಣು ಒಣಗಿದ್ರ ಹೆಂಗಾಗತೈತಿ ಅಂತ ಹೊಲಕ್ಕ ಹೋಗೋ ನಿಮಗ ನಾ ಏನ್ ಹೇಳ್ಲಿ.

ನಾ ಶಾಣ್ಯಾಕಿ ಅಂತ ಕೊಬ್ಬರಿ ಎಣ್ಣಿ ಬಿಟ್ನಿ. ಕಾಲು ಸರಿದ್ವು, ಖರೆ. ಮುಂದ ಒಂದು ಮದುವಿಯೊಳಗ ಅಕ್ಕಿಕಾಳು ಹಾಕೋ ಹೊತ್ತಿಗೆ ಒಂದು ಕಾಲು ತಾನ ಜಾರಿ, ಕ್ಯಾಮರಾ ಬೀಳೂದು ಒಂದೀಟರಾಗ ಉಳೀತಂತ. ಅದರ ಲೆನ್ಸಿನ ಸಾಲ ಇನ್ನೂ ತೀರಿಲ್ಲ. "ಅವ್ವಾ, ಇದಕ್ಕ ಏನ್ ಹಾಕಿದ್ದಿ?" ಅಂದ. ನಾ ಸುಮ್ಮನಾದೆ.

ಆಮ್ಯಾಲ ಈ ಕಾಲಿನ ಚರಿತ್ರಿ ಓದಾಕ ಹತ್ತಿದ್ನಿ. ನಮ್ಮ ಸೀಮ್ಯಾಗ ಇದು ಇವತ್ತಿಂದಲ್ಲ.

1855ರಾಗ ಈಸ್ಟ್ ಇಂಡಿಯಾ ಕಂಪನಿಯವರು ಥಾಮಸ್ ಬಿಗ್ಸ್ ಅನ್ನೋ ತೋಪಖಾನೆಯ ಕ್ಯಾಪ್ಟನ್ನನ್ನ ಹಳೇ ಕಟ್ಟಡಗಳ ಫೋಟೋ ತಗಿಯಾಕ ನೇಮಿಸಿದ್ರು. ಬಿಜಾಪುರ, ಬಾದಾಮಿ, ಐಹೊಳಿ ತಿರುಗಿದ್ರು. ಅದ ವರ್ಷದ ಕಡೀಗೆ ದಂಡಿಗೆ ವಾಪಸ್ ಕರಸಿಕೊಂಡಮ್ಯಾಲ ಡಾಕ್ಟರ್ ಪಿಗೂ ಕೆಲಸ ಮುಂದುವರಿಸಿದ್ರು. ಮೈಸೂರು ಸೀಮಿಯ ಗುಡಿಗಳನ್ನ ಡಾಕ್ಟರ್ ನೀಲ್ ತಗದ್ರು. ಇವೆಲ್ಲಾ ಸೇರಿ 1866ರಾಗ ಲಂಡನ್ನಿನ್ಯಾಗ 'ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್' ಅಂತ ದೊಡ್ಡ ಪುಸ್ತಕ ಆತು. ಸುರಪುರದಾಗಿದ್ದ ಮೆಡೋಸ್ ಟೇಲರ್ ಅದಕ್ಕ ಇತಿಹಾಸ ಬರದುಕೊಟ್ರು. ಪುಸ್ತಕ ನೋಡಾಕ ಪಿಗೂ ಬದುಕಿರಲಿಲ್ಲ. ಗದಗ, ಲಕ್ಕುಂಡಿ, ಡಂಬಳದ ಗುಡಿ ಅದರಾಗ ಅದಾವ. ನಾವು 1997ರ ತನಕ ಧಾರವಾಡ ಜಿಲ್ಲಾದವರ ಆಗಿದ್ವಲ್ಲ, ಅದಕ್ಕ ಆ ಹೆಸರು.

ಆಗ ಫೋಟೋ ಮೂಡತಿದ್ದುದು ಮದ್ದು ಸವರಿದ ಕಾಗದದ ಮ್ಯಾಲ. ಅದಕ್ಕ ಬೆಳಕು ಹತ್ತಾಕ ನಿಮಿಷಗಟ್ಟಲೆ ಬೇಕು. ಅಷ್ಟೊತ್ತು ಕ್ಯಾಮರಾ ಕೂದಲೆಳಿಯಷ್ಟೂ ಅಲುಗಬಾರದು. ಹಂಪಿಯೊಳಗ 1856ರಾಗ ಅಲೆಕ್ಸಾಂಡರ್ ಗ್ರೀನ್‌ಲಾ ಹಂಗ ತಗದ ಚಿತ್ರಗಳನ್ನ ಹಿಡ್ಕೊಂಡು, 1983ರಾಗ ಜಾನ್ ಗಾಲಿಂಗ್ಸ್ ಅನ್ನೋ ಆಸ್ಟ್ರೇಲಿಯಾದವರು ಅದ ಅದ ಜಾಗಾದಾಗ ನಿಂತು ಮತ್ತ ತಗದಾರ. ಯಾವ ಕಂಬ ಬಿದ್ದೈತಿ, ಯಾವುದು ಉಳದೈತಿ ಅಂತ ಎರಡೂ ಬಾಜೂಕ ಇಟ್ಟು ನೋಡಬಹುದು. ಆವತ್ತು ಕಾಲು ಜಾರಿದ್ರ ನಮಗ ನೋಡಾಕ ಏನೂ ಇರತಿರಲಿಲ್ಲ.

ಆ ಕಾಲು ಕಟಗೀವು. ಮಳಿಗಾಲದಾಗ ನಮ್ಮ ಬಾಗಲ ಬಿಗಿಯಾದಂಗ ಕಟಗಿ ಉಬ್ಬತೈತಿ, ಬ್ಯಾಸಗ್ಯಾಗ ಸೊರಗಿ ಹಿತ್ತಾಳಿ ಸ್ಕ್ರೂ ಸಡ್ಲಾಗತಾವ. ಅಂದ್ರ ದಿನಾ ಒಬ್ರು ಒರಸಿ, ಒಣಗಿಸಿ, ಬಿಗದು ಮಾಡಿರಬೇಕಲ್ಲ? 1866ರ ಪುಸ್ತಕದ ಮೊದಲ ಹಾಳಿಯೊಳಗ ಫೋಟೋ ತಗದ ಮೂವರ ಹೆಸರದಾವ. ಕಾಲು ಒರಸಿದವರದು ಇಲ್ಲ. ಒರಸೋರ ಹೆಸರು ಎಲ್ಲಿ ಬರಿತಾರ ಬಿಡ್ರಿ.

ನಮ್ಮ ಸಾಲಿ ಗ್ರೂಪ್ ಫೋಟೋ ತಗದವರ ಕಡೇನೂ ಅಂಥಾ ಕಟಗೀ ಸ್ಟ್ಯಾಂಡ್ ಇತ್ತು. ಕರೀ ಅರಿವಿ ಹೊತ್ಕೊಂಡು "ಯಾರೂ ಅಲ್ಲಾಡಬ್ಯಾಡ್ರಿ" ಅಂತಿದ್ರು. ಮುಗದಮ್ಯಾಲ ಕಟ್ಟಿಗೆ ಕುಂತು, ಕಾಲಿನ ಮಣ್ಣು ಒರಸಿ, ಸರಿಯೋ ಕಡೆ ಮೇಣಬತ್ತಿ ತುಂಡು ತಿಕ್ಕತಿದ್ರು. ಎಣ್ಣಿ ಅಲ್ಲ, ಮೇಣ. ಇದು ನನಗ ನೆನಪಾದದ್ದು ಮದುವಿ ಪಜೀತಿ ಆದಮ್ಯಾಲ.

ಈಗಿನ ಕಾಲು ಅಲ್ಯುಮಿನಿಯಂ ನಳಗಿ, ಒಂದರಾಗೊಂದು ಸೇರತಾವ. ತಿರುವಿ ಬಿಗಿಯೋ ಲಾಕ್ ಒಳಗ ಪ್ಲಾಸ್ಟಿಕ್ ಪಟ್ಟಿ ಇರತಾವ, ಅವು ನಳಗೀನ ಗಟ್ಟಿ ಹಿಡೀಬೇಕು. ಅಲ್ಲಿ ಎಣ್ಣಿ ಹಾಕಿದ್ರ ಹಿಡಿತ ಹೋತು, ಮ್ಯಾಲ ಧೂಳು ಅಂಟಿ ಅರಗಿನಂಗ ಆಗತೈತಿ. ಅದಕ್ಕ ಹಸಿ ಇದ್ದಾಗ ಮಡಚಬಾರದು. ಕಾಲು ಪೂರಾ ಎಳದು ನಿಲ್ಲಿಸಿ, ಮಣ್ಣು ಅರೆಬರೆ ಒಣಗಿದ ಮ್ಯಾಲ ಹಳೇ ಹಲ್ಲುಜ್ಜೋ ಬ್ರಶ್‌ನಿಂದ ಉದುರಿಸಿ, ಒದ್ದಿ ಅರಿವೀಲೆ ಒರಸಬೇಕು. ನಮ್ಮ ಬೋರಿನ ಸವಳ ನೀರು ಬ್ಯಾಡ, ಬಿಳೀ ಕಲಿ ಕುಂದರತೈತಿ. ಮಳಿನೀರು ಇಲ್ಲಾ ಕುಡಿಯೋ ನೀರು ತಗೋರಿ. ಒಳಗ ಉಸುಕು ಹೊಕ್ಕು ಕರಕರ ಅಂದ್ರ ಲಾಕ್ ಬಿಚ್ಚಬೇಕು. ಒಂದ ಸಲಕ್ಕ ಒಂದ ಕಾಲು. ಬಿಚ್ಚಿದ್ದನ್ನ ಬಿಚ್ಚಿದ ಸಾಲಿನ್ಯಾಗ ಪರಾತದೊಳಗ ಇಡ್ರಿ, ಮೊಬೈಲಿನ್ಯಾಗ ಒಂದು ಫೋಟೋ ಹೊಡ್ಕೊಳ್ರಿ. ನಾನು ಮೂರೂ ಕೂಡೇ ಬಿಚ್ಚಿ, ಯಾವ ಪಟ್ಟಿ ಯಾವ ಕಾಲಿಂದು ಅಂತ ತಿಳೀದ ರಾತ್ರಿ ಹನ್ನೊಂದರ ತನಕ ಕುಂತಿದ್ನಿ. ಗ್ರೀಸ್ ಹಾಕೂದಾದ್ರ ತಿರುಪಿನ ಗೆರಿಗೆ ಸಾಸಿವಿಕಾಳಿನಷ್ಟ ಸಾಕು. ಪಟ್ಟಿಗೆ, ನಳಗಿಗೆ, ಮ್ಯಾಲಿನ ತಲಿಗೆ ಏನೂ ಬ್ಯಾಡ. ಕಾಲು ಬಿಡಿಸಿದಂಗ ನೆರಳಾಗ ಒಂದು ರಾತ್ರಿ ಬಿಟ್ಟು ಮಡಚ್ರಿ.

ನಾ ಬಿಟ್ಟಿದ್ದ ಎಣ್ಣಿ ಹೋಗಾಕ ಪಾತ್ರಿ ತೊಳಿಯೋ ಸಾಬಾನಿನ ನೀರು ಎರಡು ಸಲ ಬೇಕಾತು. ಈಗ ಮಗ ಹಸಿ ಹೊಲಕ್ಕಿಳಿಯೋ ಮುಂದ ಕೆಳಗಿನ ಸಣ್ಣ ನಳಗೀನ ಮೊದ್ಲು ಪೂರಾ ಎಳಿತಾನ. ಲಾಕ್ ಕೆಸರಿನ ಮ್ಯಾಲ ಉಳಿತಾವ.