ತತ್ತ್ವಜ್ಞಾನಿ ಅರಸನೂ ಈಸೂರಿನ ಪ್ರಶ್ನೆಯೂ

ತರಗತಿಯಲ್ಲಿ ಗುಣಸಂಧಿಯನ್ನು ಪಾಠ ಹೇಳುವಾಗ ‘ರಾಜರ್ಷಿ’ ಎಂಬ ಪದವನ್ನು ಉದಾಹರಣೆಯಾಗಿ ಕೊಡುವುದು ನನ್ನ ವಾಡಿಕೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಸಂಧಿಯಾದ ಮೇಲೆ ಉಳಿಯುವವನು ರಾಜನೋ, ಋಷಿಯೋ?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಆ ಪ್ರಶ್ನೆ ಸುಮಾರು ಎರಡು ಸಾವಿರದ ನಾನೂರು ವರ್ಷಗಳಷ್ಟು ಹಳೆಯದೆಂಬುದು ಮನೆಗೆ ಬಂದ ಮೇಲೆ ನೆನಪಾಯಿತು.

ಕ್ರಿ. ಪೂ. 399ರಲ್ಲಿ ಅಥೆನ್ಸ್ ನಗರದ ನಾಗರಿಕರೇ ನ್ಯಾಯಾಧಿಪತಿಗಳಾಗಿ ಕುಳಿತು, ಬಹುಮತದಿಂದ, ಸಾಕ್ರೆಟೀಸನಿಗೆ ಮರಣದಂಡನೆ ವಿಧಿಸಿದರು. ಅವನ ಶಿಷ್ಯನಾದ ಪ್ಲೇಟೋ ಆ ದುಃಖವನ್ನು ಕೊನೆಯವರೆಗೂ ಮರೆಯಲಿಲ್ಲ. ಹಡಗನ್ನು ನಡೆಸಲು ನಾವಿಕನ ವಿದ್ಯೆ ಬೇಕಾದರೆ ರಾಜ್ಯವನ್ನು ನಡೆಸಲು ವಿದ್ಯೆ ಬೇಡವೇ ಎಂಬುದು ಅವನ ವಾದ. ತತ್ತ್ವಜ್ಞಾನಿಗಳು ಅರಸರಾಗಬೇಕು, ಇಲ್ಲವೇ ಅರಸರು ತತ್ತ್ವಜ್ಞಾನಿಗಳಾಗಬೇಕು; ಅಲ್ಲಿಯವರೆಗೆ ರಾಜ್ಯಗಳ ಕೇಡು ನೀಗದು ಎಂದು ಅವನು ‘ರಿಪಬ್ಲಿಕ್’ ಗ್ರಂಥದಲ್ಲಿ ಸಾರಿದ. ಅಂಥವರಿಗೆ ಬಾಲ್ಯದಿಂದ ಶಿಕ್ಷಣ ಕೊಟ್ಟು, ಪರೀಕ್ಷಿಸಿ, 50 ವರ್ಷ ತುಂಬಿದ ಮೇಲೆ ಪರಮಾಧಿಕಾರವನ್ನು ಒಪ್ಪಿಸಬೇಕೆಂದ. ಅವರಿಗೆ ಸ್ವಂತ ಆಸ್ತಿಯಾಗಲಿ ಚಿನ್ನಬೆಳ್ಳಿಯಾಗಲಿ ಕೂಡದೆಂದೂ ವಿಧಿಸಿದ.

ಈ ಗ್ರೀಕ್ ಮಾತುಗಳನ್ನು ಒಂದೊಂದು ಕಾಲದವರು ತಮ್ಮ ಕನ್ನಡಿಯಲ್ಲಿ ನೋಡಿಕೊಂಡರು. ಹತ್ತೊಂಬತ್ತನೆಯ ಶತಮಾನದಲ್ಲಿ ಆಕ್ಸ್‌ಫರ್ಡಿನ ಬೆಂಜಮಿನ್ ಜೊವೆಟ್ ಪ್ಲೇಟೋವನ್ನು ಇಂಗ್ಲಿಷಿಗೆ ತಂದರು. ಅವರ ಕಾಲೇಜಿನ ವಿದ್ಯಾರ್ಥಿಗಳು ಹಲವರು ನಮ್ಮ ದೇಶವನ್ನಾಳುವ ಅಧಿಕಾರಿಗಳಾಗಿ ಬಂದರು. ಗಾಂಧೀಜಿಯವರಾದರೋ ಸಾಕ್ರೆಟೀಸನಲ್ಲಿ ಸತ್ಯಾಗ್ರಹಿಯನ್ನು ಕಂಡು, 1908ರಲ್ಲಿ ಅವನ ಕಥೆಯನ್ನು ಗುಜರಾತಿಯಲ್ಲಿ ಬರೆದರು. 1910ರಲ್ಲಿ ಮುಂಬಯಿ ಸರ್ಕಾರ ಆ ಪುಸ್ತಿಕೆಯನ್ನು ನಿಷೇಧಿಸಿತು. ಪ್ಲೇಟೋವನ್ನು ಓದಿದ ಸರ್ಕಾರವೇ ಪ್ಲೇಟೋವಿನ ಗುರುವಿಗೆ ಹೆದರಿತು!

ಇನ್ನು ನಮ್ಮ ಮೈಸೂರಿಗೆ ಬರೋಣ. 1902ರಿಂದ 1940ರವರೆಗೆ ರಾಜ್ಯಭಾರ ಮಾಡಿದ ನಾಲ್ವಡಿ ಕೃಷ್ಣರಾಜ ಒಡೆಯರನ್ನು ಗಾಂಧೀಜಿ ‘ರಾಜರ್ಷಿ’ ಎಂದು ಕರೆದರು. ಆಂಗ್ಲ ಲೇಖಕ ಪಾಲ್ ಬ್ರಂಟನ್ ಅವರಲ್ಲಿ ಪ್ಲೇಟೋವಿನ ಆದರ್ಶವನ್ನೇ ಕಂಡರು. ಈ ಹೊಗಳಿಕೆ ಬರಿಯ ಬಾಯಿಮಾತಲ್ಲ. 1913ರ ಪ್ರಾಥಮಿಕ ಶಿಕ್ಷಣ ಕಾನೂನು, 1916ರ ವಿಶ್ವವಿದ್ಯಾನಿಲಯ, ಹಿಂದುಳಿದ ವರ್ಗದವರಿಗೆ ಸರ್ಕಾರಿ ನೌಕರಿ ದೊರಕಿಸುವ ಬಗ್ಗೆ ವಿಚಾರ ಮಾಡಲು 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿ, ಇವೆಲ್ಲ ಆ ಕಾಲದವು. ಮಲೆನಾಡಿನ ಸೌದೆಯ ಇದ್ದಲಿನಿಂದ ಕಬ್ಬಿಣ ಕರಗಿಸಿದ ಭದ್ರಾವತಿಯ ಕಾರ್ಖಾನೆಯೂ ಆಗಿನದೇ. 1923ರಲ್ಲಿ ಅಲ್ಲಿ ಉತ್ಪಾದನೆ ಮೊದಲಾಯಿತು. ಪ್ಲೇಟೋ ಬದುಕಿ ಬಂದು ಭದ್ರಾ ತೀರದಲ್ಲಿ ನಿಂತಿದ್ದರೆ ತಲೆದೂಗುತ್ತಿದ್ದನೇನೋ.

ಹಾಗಾದರೆ ಪ್ರಜೆಗಳಿಗೆ ಇನ್ನೇನು ಬೇಕಾಗಿತ್ತು? 1938ರ ಏಪ್ರಿಲ್ ತಿಂಗಳಲ್ಲಿ ವಿದುರಾಶ್ವತ್ಥದಲ್ಲಿ ಧ್ವಜಾರೋಹಣಕ್ಕೆಂದು ಸೇರಿದ ಜನರ ಮೇಲೆ ಪೊಲೀಸರ ಗುಂಡು ಹಾರಿತು, ಅನೇಕರು ಮಡಿದರು. ಸಿಂಹಾಸನದಲ್ಲಿದ್ದವರು ಆ ರಾಜರ್ಷಿಯೇ. ಅರಸನ ಸದ್ಗುಣ ಗುಂಡನ್ನು ತಡೆಯಲಿಲ್ಲ. ಗುಂಡು ಹಾರಿಸಿದವರನ್ನು ಪ್ರಶ್ನಿಸುವ ಅಧಿಕಾರ ಪ್ರಜೆಗಳಿಗೆ ಇರಲಿಲ್ಲ.

ಅದೇ ವರ್ಷ ಮಾರ್ಚಿಯಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾವನ್ನು ನುಂಗಿತು. ಆ ಸುದ್ದಿ ಕೇಳಿದ ದಿನ ಕಾರ್ಲ್ ಪಾಪರ್ ಎಂಬ ವಿಯೆನ್ನಾದ ವಿದ್ವಾಂಸ ದೂರದ ನ್ಯೂಜಿಲೆಂಡಿನಲ್ಲಿದ್ದು ಒಂದು ಗ್ರಂಥ ಬರೆಯಲು ನಿಶ್ಚಯಿಸಿದ. 1945ರಲ್ಲಿ ಹೊರಬಂದ ಆ ಗ್ರಂಥ ಪ್ಲೇಟೋವನ್ನು ಸರ್ವಾಧಿಕಾರದ ಮೂಲಪುರುಷನೆಂದು ದೂರಿತು. ಯಾರು ಆಳಬೇಕೆಂದು ಕೇಳುವುದೇ ತಪ್ಪು. ಕೆಟ್ಟವನು ಆಳಲು ಬಂದರೂ ಹೆಚ್ಚು ಕೇಡು ಮಾಡದಂತೆ ವ್ಯವಸ್ಥೆಯನ್ನು ಹೇಗೆ ಕಟ್ಟಬೇಕೆಂದು ಕೇಳಬೇಕು ಎಂಬುದು ಅದರ ಸಾರ. ಪ್ಲೇಟೋವಿನ ಪಕ್ಷದವರು ಇದನ್ನು ಒಪ್ಪಲಿಲ್ಲ. ಆಸ್ತಿಯೇ ಇಲ್ಲದ ಅರಸನೆಲ್ಲಿ, ಹಿಟ್ಲರನೆಲ್ಲಿ ಎಂದರು. ಅವರ ಮಾತಿನಲ್ಲೂ ನ್ಯಾಯವಿದೆ.

ಆದರೆ ಆ ಪುಸ್ತಕ ಅಚ್ಚಾಗುವುದಕ್ಕೆ ಮೂರು ವರ್ಷ ಮೊದಲೇ ನಮ್ಮ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರು ಇದೇ ಪ್ರಶ್ನೆಯನ್ನು ಎತ್ತಿತ್ತು. 1942ರ ಸೆಪ್ಟೆಂಬರಿನಲ್ಲಿ ಆ ಹಳ್ಳಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡು, ಚಿಕ್ಕ ಹುಡುಗರನ್ನು ಅಮಲ್ದಾರ, ಸಬ್‌ಇನ್ಸ್‌ಪೆಕ್ಟರುಗಳಾಗಿ ನೇಮಿಸಿತು. ಐವತ್ತು ತುಂಬಲಿ ಎಂದ ಪ್ಲೇಟೋವಿಗೆ ಹಳ್ಳಿಯವರು ಕೊಟ್ಟ ಉತ್ತರವದು! ಕಥೆ ಅಲ್ಲಿಗೆ ಮುಗಿಯಲಿಲ್ಲ. ಘರ್ಷಣೆಯಲ್ಲಿ ನಿಜವಾದ ಅಮಲ್ದಾರರೂ ಸಬ್‌ಇನ್ಸ್‌ಪೆಕ್ಟರರೂ ಹತರಾದರು. ಅವರೂ ಮನೆಮಂದಿ ಇದ್ದವರೇ. 1943ರ ಮಾರ್ಚಿಯಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಲಾಯಿತು. ಆಗ ಪಟ್ಟದಲ್ಲಿದ್ದ ಜಯಚಾಮರಾಜ ಒಡೆಯರೂ ತತ್ತ್ವಶಾಸ್ತ್ರದ ವಿದ್ವಾಂಸರೇ ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. 1947ರ ಅಕ್ಟೋಬರಿನಲ್ಲಿ ಮೈಸೂರಿಗೆ ಜವಾಬ್ದಾರಿ ಸರ್ಕಾರ ಬಂದಿತು.

ಪ್ಲೇಟೋವಿನ ಶಿಷ್ಯ ಅರಿಸ್ಟಾಟಲ್ ಒಂದು ಸೊಗಸಾದ ಹೋಲಿಕೆ ಕೊಡುತ್ತಾನೆ. ಒಬ್ಬನೇ ಖರ್ಚು ಮಾಡಿ ಹಾಕಿಸುವ ಊಟಕ್ಕಿಂತ ಹಲವರು ಕೈಗೂಡಿಸಿ ಮಾಡಿದ ಊಟ ಹೆಚ್ಚಿನದಾಗಬಹುದು, ತೀರ್ಮಾನಗಳೂ ಹಾಗೆಯೇ. ಊರ ಜಾತ್ರೆಯ ಸಂತರ್ಪಣೆಯಲ್ಲಿ ಕೈಯಾಡಿಸಿದ ಯಾರಿಗೂ ಇದು ಹೊಸ ಮಾತಲ್ಲ. ಪ್ಲೇಟೋ ಕೂಡ ಮುಪ್ಪಿನಲ್ಲಿ ಬರೆದ ‘ಲಾಸ್’ ಎಂಬ ಗ್ರಂಥದಲ್ಲಿ, ಆಳುವವರು ಕಾನೂನಿನ ಸೇವಕರಾಗಿರಬೇಕೆಂದು ಇಳಿದು ಬಂದ.

ಮಾರನೆಯ ದಿನ ಆ ಹುಡುಗನಿಗೆ ಹೇಳಿದೆ: “ಸಂಧಿಯಲ್ಲಿ ಇಬ್ಬರೂ ಉಳಿಯುತ್ತಾರಪ್ಪ. ಆದರೆ ರಾಜರ್ಷಿ ಎಂಬುದು ಒಂದು ಪದ ಮಾತ್ರ. ಪದ ಎಷ್ಟು ಒಳ್ಳೆಯದಾದರೂ ವಾಕ್ಯವಾಗುವುದಿಲ್ಲ. ಆ ವಾಕ್ಯವನ್ನು ಪೂರ್ಣ ಮಾಡಬೇಕಾದವರು ಪ್ರಜೆಗಳು.”